ಲೈಫ್ ಎಂದರೆ ಯಾವುದರದು, ಎಲ್ಲಿಂದ ಎಲ್ಲಿಯವರೆಗೆ?

ಮಾನ್ಯ ಸಂಪಾದಕರೇ,

ಅಣೆಕಟ್ಟಿಗೂ ಜೀವಿತಾವಧಿ, ಎಲ್‌ಇಡಿ ಬಲ್ಬಿಗೂ ಜೀವಿತಾವಧಿ, ಕಣ್ಣಿನ ಹನಿಗೂ ಜೀವಿತಾವಧಿ. ಇಂಗ್ಲಿಷ್ ಸುದ್ದಿಯಲ್ಲಿ ‘ಲೈಫ್’ ಎಂಬ ಪದ ಎಲ್ಲಿ ಕಂಡರೂ ಕನ್ನಡ ಪತ್ರಿಕೆಗಳಲ್ಲಿ ಈಗ ಇದೊಂದೇ ಮಾತು. ಜೀವ, ಜೀವನ, ಬದುಕು, ಬಾಳು, ಪ್ರಾಣ, ಆಯಸ್ಸು, ಬಾಳಿಕೆ ಎಂದು ಇಷ್ಟೊಂದು ಪದಗಳು ನಮ್ಮಲ್ಲಿದ್ದೂ ಹೀಗಾಗಿದೆ. ಕಾನೂನು, ಎಂಜಿನಿಯರಿಂಗ್, ಔಷಧ ವಿಷಯದ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ತಕರಾರು ಭಾಷಾಶುದ್ಧಿಯದಲ್ಲ. ಬ್ಯಾಂಕಿನ ಕೌಂಟರಿನಲ್ಲಿ ‘ಲೈಫ್ ಸರ್ಟಿಫಿಕೇಟ್ ಕೊಟ್ರಾ?’ ಎಂದೇ ಕೇಳುತ್ತಾರೆ. ಹಾಗೆಯೇ ಅಚ್ಚಾಗಲಿ, ಅಡ್ಡಿಯಿಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ. ಯಾವುದರ ಲೈಫ್, ಎಣಿಕೆ ಯಾವಾಗ ಶುರು, ಯಾವ ಸ್ಥಿತಿಗೆ ಬಂದರೆ ಮುಗಿಯಿತು ಎನ್ನುತ್ತಾರೆ ಎಂಬ ಮೂರು ಸಂಗತಿಗಳನ್ನು ಬಿಟ್ಟು ಬರಿಯ ವರ್ಷದ ಅಂಕಿ ಕೊಟ್ಟರೆ ಓದುಗನಿಗೆ ಅದರಿಂದ ಉಪಯೋಗವಿಲ್ಲ. ಕೆಲವು ಕಡೆ ನಷ್ಟವೂ ಉಂಟು.

ತುಂಗಭದ್ರಾ ಜಲಾಶಯದ ಸುದ್ದಿಯನ್ನೇ ನೋಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು (ಅಣೆಕಟ್ಟಿನ ನೆತ್ತಿಯಲ್ಲಿರುವ ಗೇಟು) ಸರಪಳಿ ತುಂಡಾಗಿ ಕೊಚ್ಚಿಹೋದ ಮೇಲೆ ‘ಅಣೆಕಟ್ಟಿನ ಆಯಸ್ಸು ಮುಗಿದಿದೆಯೇ?’ ಎಂಬ ಪ್ರಶ್ನೆ ಎಲ್ಲೆಲ್ಲೂ ಕೇಳಿಬಂತು. ಅಲ್ಲಿ ಲೆಕ್ಕ ಹಾಕಬೇಕಾದ ಆಯಸ್ಸು ಒಂದಲ್ಲ, ಮೂರು. ಕಲ್ಲಿನ ಕಟ್ಟಡದ್ದು ಒಂದು. ಅದಕ್ಕೆ ಸೋರಿಕೆ, ಗಾರೆ ಕರಗುವುದು, ಅಡಿಪಾಯದ ಒತ್ತಡ ಇವೇ ಅಳತೆ. ನಿಗಾ ಇಟ್ಟು ದುರಸ್ತಿ ಮಾಡುತ್ತಾ ಹೋದರೆ ಅದು ಶತಮಾನ ದಾಟಬಲ್ಲದು. ಎರಡನೆಯದು ಗೇಟು, ಸರಪಳಿ, ಹಗ್ಗ, ಗೇರುಗಳದು. ಇವು ಉಕ್ಕು. ನೀರಿನ ಮಟ್ಟ ಏರಿಳಿಯುವ ಜಾಗದಲ್ಲಿ ಒಮ್ಮೆ ನೆನೆದು ಒಮ್ಮೆ ಒಣಗುವ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಸರಪಳಿಯ ಕೊಂಡಿಗಳು ಎತ್ತಿಳಿಸಿದಂತೆಲ್ಲ ಸವೆಯುತ್ತವೆ. ಇವುಗಳ ಬಾಳಿಕೆ ಕೆಲವು ದಶಕಗಳದ್ದು. ಆ ಹೊತ್ತಿಗೆ ಬದಲಿಸಲೇಬೇಕು, ಬದಲಿಸಿದರೆ ಎಣಿಕೆ ಸೊನ್ನೆಯಿಂದ ಮತ್ತೆ ಶುರು. 1953ರಲ್ಲಿ ಮುಗಿದ ಅಣೆಕಟ್ಟಿನ 33 ಗೇಟುಗಳ ಬಗ್ಗೆ ಬಂದ ಆತಂಕ ಈ ಎರಡನೆಯದಕ್ಕೆ ಸೇರಿದ್ದು.

ಮೂರನೆಯದು ಜಲಾಶಯದ್ದು, ಅಂದರೆ ನೀರು ನಿಲ್ಲುವ ಪಾತ್ರೆಯದು. ಇದನ್ನು ಹೂಳು ತಿನ್ನುತ್ತದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ (ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಈಗ 105.788 ಟಿಎಂಸಿ ಅಡಿ. ಸುಮಾರು 27 ಟಿಎಂಸಿ ಅಡಿಯಷ್ಟು ಜಾಗ ಮಣ್ಣಿನ ಪಾಲಾಗಿದೆ. ಹೂಳು ಎಂದರೆ ಅಣೆಕಟ್ಟಿನ ಬುಡದ ‘ಡೆಡ್ ಸ್ಟೋರೇಜ್’ನಲ್ಲಿ, ಅಂದರೆ ಕಾಲುವೆಗೆ ಹರಿಸಲಾಗದ ತಳದ ಜಾಗದಲ್ಲಿ ಮಾತ್ರ ಸೇರುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ನದಿ ಜಲಾಶಯಕ್ಕೆ ಸೇರುವ ಬಾಯಲ್ಲಿ ನೀರಿನ ವೇಗ ಇಳಿಯುವುದರಿಂದ ದಪ್ಪ ಮರಳು ಅಲ್ಲೇ ಮೇಲ್ಭಾಗದಲ್ಲಿ ಕೂರುತ್ತದೆ. ನುಣುಪು ಮಣ್ಣು ಮಾತ್ರ ಮುಂದೆ ಸಾಗುತ್ತದೆ. ಆದ್ದರಿಂದ ಕಾಲುವೆಗೆ ಬಿಡಬಹುದಾದ ‘ಲೈವ್ ಸ್ಟೋರೇಜ್’ ಕೂಡ ಮೊದಲ ವರ್ಷದಿಂದಲೇ ಕುಗ್ಗುತ್ತಾ ಬರುತ್ತದೆ. ಗೇಟು ಹೊಸದಾಗಿ ಕೂರಿಸಿದ ಮಾತ್ರಕ್ಕೆ ಈ 27 ಟಿಎಂಸಿ ಅಡಿ ವಾಪಸು ಬರುವುದಿಲ್ಲ, ಹೂಳು ತೆಗೆದ ಮಾತ್ರಕ್ಕೆ ಗೇಟು ಗಟ್ಟಿಯಾಗುವುದಿಲ್ಲ. ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತ ಓದುಗರಿಗೆ ಈ ಮೂರನ್ನು ಬೇರೆ ಬೇರೆಯಾಗಿ ಹೇಳಬೇಕು: ಕಟ್ಟಡದ ಆಯಸ್ಸು, ಗೇಟಿನ ಬಾಳಿಕೆ, ಜಲಾಶಯದ ಸಾಮರ್ಥ್ಯ. ಮೂರನ್ನೂ ‘ಅಣೆಕಟ್ಟಿನ ಜೀವಿತಾವಧಿ’ ಎಂದು ಕಲಸಿದರೆ ಯಾವುದಕ್ಕೆ ದುಡ್ಡು ಕೇಳಬೇಕು ಎಂಬುದೇ ಗೊತ್ತಾಗುವುದಿಲ್ಲ.

ನ್ಯಾಯಾಲಯದ ವರದಿಗಳಿಗೆ ಬರೋಣ. ‘ಜೀವಾವಧಿ ಶಿಕ್ಷೆ, ಅಂದರೆ 14 ವರ್ಷ’ ಎಂಬ ಸಾಲು ಇನ್ನೂ ಅಲ್ಲಲ್ಲಿ ಅಚ್ಚಾಗುತ್ತಿದೆ. ಇದು ತಪ್ಪು. ಜೀವಾವಧಿ ಎಂದರೆ ಅಪರಾಧಿಯ ಸಹಜ ಆಯಸ್ಸಿನ ಉಳಿದ ಭಾಗ ಪೂರ್ತಿ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲೇ ಹೇಳಿದೆ. 14 ಎಂಬ ಅಂಕಿ ಎಲ್ಲಿಂದ ಬಂತು? ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಅಥವಾ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿದ್ದರೆ, ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯುವವರೆಗೆ ಸರ್ಕಾರ ಬಿಡುಗಡೆ ಮಾಡುವಂತಿಲ್ಲ ಎಂಬುದು ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 475. ಅದು ಸರ್ಕಾರದ ಕೈಗೆ ಹಾಕಿದ ಕಡಿವಾಣ. 14 ತುಂಬಿದ ಕೂಡಲೇ ಹೊರಗೆ ಬರುವ ಹಕ್ಕು ಕೈದಿಗೆ ಅದರಿಂದ ಹುಟ್ಟುವುದಿಲ್ಲ. ಕ್ಷಮಾಪಣೆಯ ಅರ್ಜಿ ಪರಿಶೀಲನೆಗೆ ಬರುವ ಬಾಗಿಲು ತೆರೆಯುತ್ತದೆ, ಅಷ್ಟೆ.

ಇನ್ನು ಕೆಲವರು 20 ವರ್ಷ ಎನ್ನುತ್ತಾರೆ. ಅದಕ್ಕೂ ಮೂಲವಿದೆ. ಹಳೆಯ ದಂಡ ಸಂಹಿತೆಯ 57ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 6ನೇ ಕಲಮು, ಶಿಕ್ಷೆಯ ಭಾಗಾಂಶ ಲೆಕ್ಕ ಹಾಕುವಾಗ ಜೀವಾವಧಿಯನ್ನು 20 ವರ್ಷಕ್ಕೆ ಸಮ ಎಂದು ಎಣಿಸಲು ಹೇಳುತ್ತದೆ. ಒಂದು ಅಪರಾಧದ ಯತ್ನಕ್ಕೆ ಜೀವಾವಧಿಯ ಅರ್ಧದಷ್ಟು ಶಿಕ್ಷೆ ಎಂದಿದ್ದರೆ ಕೈದಿ ಎಷ್ಟು ವರ್ಷ ಬದುಕುತ್ತಾನೆಂದು ಯಾರಿಗೆ ಗೊತ್ತು? ಅದಕ್ಕೇ 20ರ ಅರ್ಧ 10 ಎಂದು ಗುಣಿಸುವ ಅನುಕೂಲ. ಅದರಾಚೆ ಆ 20ಕ್ಕೆ ಕೆಲಸವಿಲ್ಲ.

ಮೂರನೆಯ ಬಗೆ, ಬಿಡುಗಡೆಯೇ ಇಲ್ಲದ ಜೀವಾವಧಿ. ಬೆಂಗಳೂರಿನ ಕೊಲೆ ಪ್ರಕರಣವೊಂದರಲ್ಲಿ, ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂಬ 2008ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಮರಣದಂಡನೆಯ ಬದಲು ಸಾಯುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ವಿಧಿಸಿತು. ಇಂಥ ಶಿಕ್ಷೆ ವಿಧಿಸುವ ಅಧಿಕಾರವನ್ನು 2015ರಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ ಕೆಲವು ಕಲಮುಗಳಲ್ಲಿ ‘ಜೀವಾವಧಿ, ಅಂದರೆ ಆ ವ್ಯಕ್ತಿಯ ಸಹಜ ಜೀವನದ ಉಳಿದ ಭಾಗ’ ಎಂದು ಒತ್ತಿ ಬರೆದಿದ್ದಾರೆ. ವರದಿಗಾರರು ತೀರ್ಪಿನ ಕೊನೆಯ ಪುಟದ ಆದೇಶದಲ್ಲಿ ಈ ಒತ್ತಿ ಹೇಳಿದ ಮಾತು ಇದೆಯೇ ಇಲ್ಲವೇ ನೋಡಿಕೊಂಡು ಬರೆದರೆ ಸಾಕು. ಹಾಗೆಯೇ ‘ಎರಡು ಜೀವಾವಧಿ, ಒಂದರ ನಂತರ ಒಂದು’ ಎಂಬ ಶೀರ್ಷಿಕೆ. ಇರುವುದು ಒಂದೇ ಆಯಸ್ಸು. ಒಂದರ ಹಿಂದೆ ಒಂದು ಜೀವಾವಧಿ ಅನುಭವಿಸುವಂತಿಲ್ಲ, ಎರಡೂ ಒಟ್ಟಿಗೇ ಸಾಗಬೇಕು ಎಂದು 2016ರಲ್ಲಿ ಸಂವಿಧಾನ ಪೀಠ ಹೇಳಿಯಾಗಿದೆ. ಮೊದಲು ಇಷ್ಟು ವರ್ಷದ ನಿಗದಿತ ಶಿಕ್ಷೆ, ಅದು ಮುಗಿದ ಮೇಲೆ ಜೀವಾವಧಿ ಎಂದು ಆದೇಶಿಸಲು ಮಾತ್ರ ಅಡ್ಡಿಯಿಲ್ಲ.

ಇದಕ್ಕಿಂತ ಹೆಚ್ಚು ಮನೆಗಳಿಗೆ ತಟ್ಟುವ ಗೊಂದಲ ಆಸ್ತಿ ಪತ್ರಗಳದು. ಒಬ್ಬರು ಬದುಕಿರುವಷ್ಟು ಕಾಲ ಮಾತ್ರ ಆಸ್ತಿಯನ್ನು ಅನುಭವಿಸುವ ಹಕ್ಕು ಎಂಬುದಕ್ಕೆ ನಮ್ಮ ದಸ್ತಾವೇಜು ಬರಹಗಾರರ ಬಳಿ ಚೊಕ್ಕ ಮಾತಿದೆ: ‘ಹಯಾತ್ ಇರುವವರೆಗೆ ಅನುಭವಿಸತಕ್ಕದ್ದು, ಪರಭಾರೆ ಮಾಡಕೂಡದು’. ಪಾರಸಿ ಮೂಲಕ ಬಂದ ಈ ಹಯಾತ್ ಪದ ವಿಲ್ಲುಗಳಲ್ಲಿ, ವಿಭಾಗ ಪತ್ರಗಳಲ್ಲಿ ಇವತ್ತಿಗೂ ಬದುಕಿದೆ. ಇದನ್ನು ಬಿಟ್ಟು ಪತ್ರಿಕೆಗಳ ಕಾನೂನು ಅಂಕಣಗಳಲ್ಲಿ ಕೆಲವೊಮ್ಮೆ ‘ಜೀವನಾಂಶದ ಹಕ್ಕು’ ಎಂದು ಬರುತ್ತದೆ. ಜೀವನಾಂಶ ಪೂರಾ ಬೇರೆ. ಅದು ಊಟ, ಬಟ್ಟೆ, ವಸತಿ, ಔಷಧದ ಖರ್ಚಿಗಾಗಿ ಹೆಂಡತಿ, ಮಕ್ಕಳು, ತಂದೆತಾಯಿ ಕೇಳುವ ಹಣ.

ಪದ ಬದಲಾದರೆ ಆಸ್ತಿಯ ಒಡೆತನವೇ ಬದಲಾಗುವ ಜಾಗ ಇದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೇ ಕಲಮಿನ ಮೊದಲ ಉಪಕಲಮಿನಂತೆ ಹಿಂದೂ ಮಹಿಳೆಯ ಸ್ವಾಧೀನದಲ್ಲಿರುವ ಆಸ್ತಿಗೆ ಆಕೆ ಪೂರ್ಣ ಒಡತಿ. ಎರಡನೆಯ ಉಪಕಲಮು ಹೇಳುವುದು, ದಾನಪತ್ರ, ವಿಲ್ಲು, ಡಿಕ್ರಿ ಮುಂತಾದವೇ ಸೀಮಿತ ಹಕ್ಕು ಕೊಟ್ಟಿದ್ದರೆ ಆ ಮಿತಿ ಉಳಿಯುತ್ತದೆ ಎಂದು. ಎರಡರ ನಡುವಿನ ಗೆರೆಯನ್ನು 1977ರ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆಯಿತು. ಆಕೆಗೆ ಮೊದಲೇ ಇದ್ದ ಜೀವನಾಂಶದ ಹಕ್ಕಿಗೆ ಬದಲಾಗಿ ಆಸ್ತಿ ಕೊಟ್ಟಿದ್ದರೆ, ಪತ್ರದಲ್ಲಿ ‘ಹಯಾತ್ ಇರುವವರೆಗೆ’ ಎಂದು ಬರೆದಿದ್ದರೂ ಅದು ಪೂರ್ಣ ಒಡೆತನವಾಗುತ್ತದೆ. ಮೊದಲೇ ಯಾವ ಹಕ್ಕೂ ಇಲ್ಲದೆ ಆ ಪತ್ರದಿಂದಲೇ ಹೊಸದಾಗಿ ಹಕ್ಕು ಹುಟ್ಟಿದ್ದರೆ ಹಯಾತಿನ ಮಿತಿ ನಿಲ್ಲುತ್ತದೆ. ಅಂದಮೇಲೆ ವಿಧವೆ ತಾಯಿಗೆ ಬಂದ ಮನೆಯನ್ನು ಮಾರಬಹುದೇ ಎಂದು ಓದುಗ ಕೇಳಿದಾಗ ಉತ್ತರ ನಿಂತಿರುವುದೇ ‘ಹಯಾತ್ ಹಕ್ಕು’ ಮತ್ತು ‘ಜೀವನಾಂಶ’ಗಳ ವ್ಯತ್ಯಾಸದ ಮೇಲೆ. ಎರಡಕ್ಕೂ ಒಂದೇ ಪದ ಬಳಸಿದ ಉತ್ತರ ಓದಿ ಯಾರಾದರೂ ಮುಂಗಡ ಕೊಟ್ಟರೆ ಮುಂದಿನ ದಾರಿ ಸಿವಿಲ್ ಕೋರ್ಟು. ಹಯಾತ್ ಹಕ್ಕಷ್ಟೇ ಇರುವವರು ಬಾಡಿಗೆ ಪಡೆಯಬಹುದು, ವಾಸ ಮಾಡಬಹುದು. ಮಾರಿದರೆ ಕೊಂಡವನಿಗೆ ಸಿಗುವುದು ಹೆಚ್ಚೆಂದರೆ ಮಾರಿದವರು ಬದುಕಿರುವವರೆಗಿನ ಅನುಭೋಗ.

ಆರೋಗ್ಯ ಪುಟದಲ್ಲಿ ‘ಭಾರತೀಯರ ಸರಾಸರಿ ವಯಸ್ಸು 70’ ಎಂದು ಬಂದಿದ್ದನ್ನು ಓದಿದಾಗ ನಗು ಬಂತು. ಸರಾಸರಿ ವಯಸ್ಸು 70 ಆಗಿದ್ದರೆ ದೇಶದ ಶಾಲೆಗಳೆಲ್ಲ ಖಾಲಿ ಇರಬೇಕಿತ್ತು. ದೇಶದ ಜನನ ಮರಣಗಳ ಅಂದಾಜು ಕೊಡುವ ಮಾದರಿ ನೋಂದಣಿ ವ್ಯವಸ್ಥೆಯ 2016–20ರ ಕೋಷ್ಟಕ ಹೇಳಿದ್ದು, ಹುಟ್ಟಿದಾಗಿನ ನಿರೀಕ್ಷಿತ ಆಯಸ್ಸು 70.0 ವರ್ಷ ಎಂದು. ಈ ವರ್ಷಗಳಲ್ಲಿ ಯಾವ ಯಾವ ವಯಸ್ಸಿನವರು ಯಾವ ಪ್ರಮಾಣದಲ್ಲಿ ಸಾಯುತ್ತಿದ್ದಾರೋ ಅದೇ ಪ್ರಮಾಣ ಮುಂದುವರಿದರೆ ಇಂದು ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕೀತು ಎಂಬ ಲೆಕ್ಕ ಇದು. ಇದರಲ್ಲಿ ಶಿಶುಮರಣದ ಭಾರ ತುಂಬಾ ಹೆಚ್ಚು. ಹತ್ತು ಮಕ್ಕಳಲ್ಲಿ ಮೂರು ಹುಟ್ಟಿದ ವರ್ಷವೇ ತೀರಿಕೊಂಡು ಉಳಿದ ಏಳು 65ರವರೆಗೆ ಬದುಕಿದರೆ ಸರಾಸರಿ ಸುಮಾರು 45 ಬರುತ್ತದೆ. 45ರಲ್ಲಿ ಸತ್ತವರು ಒಬ್ಬರೂ ಇಲ್ಲ! ‘ಹಿಂದಿನ ಕಾಲದವರು ಮೂವತ್ತು ಚಿಲ್ಲರೆಗೇ ಮುದುಕರಾಗಿ ಸಾಯುತ್ತಿದ್ದರು’ ಎಂಬ ಬರಹಗಳು ಹುಟ್ಟುವುದು ಇಲ್ಲಿಂದ. ಇದೇ ತಪ್ಪು ತಿರುವುಮುರುವಾಗಿ ನಿವೃತ್ತಿಯ ಯೋಜನೆಯಲ್ಲೂ ಬರುತ್ತದೆ. ನಿರೀಕ್ಷಿತ ಆಯಸ್ಸು 70, ನಿವೃತ್ತಿ 60ಕ್ಕೆ, ಆದ್ದರಿಂದ ಹತ್ತು ವರ್ಷದ ಖರ್ಚಿಗೆ ಕೂಡಿಟ್ಟರೆ ಸಾಕು ಎಂದು ಹಣಕಾಸಿನ ಅಂಕಣ ಹೇಳಿದರೆ ಅದನ್ನು ನಂಬಬೇಡಿ. 60 ಮುಟ್ಟಿದವರು ಶಿಶುಮರಣ, ಅಪಘಾತ ಎಲ್ಲವನ್ನೂ ದಾಟಿ ಬಂದವರು. ಅವರಿಗೆ ಮುಂದಿನ ನಿರೀಕ್ಷೆ ಸರಾಸರಿ 18 ವರ್ಷದ ಆಸುಪಾಸು. ಅಷ್ಟಾದರೂ ಸರಾಸರಿಯೇ, ಅರ್ಧದಷ್ಟು ಜನ ಅದನ್ನೂ ದಾಟುತ್ತಾರೆ.

ವಿಕಿರಣದ ಸುದ್ದಿಯಲ್ಲಿ ಬರುವ ‘ಅರ್ಧಾಯು’ ಒಳ್ಳೆಯ ಪದ, ಆದರೆ ವಿವರಣೆ ಹಾದಿ ತಪ್ಪುತ್ತದೆ. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ರ ಅರ್ಧಾಯು ಸುಮಾರು 8 ದಿನ. ಹಾಗಾದರೆ 16 ದಿನಕ್ಕೆ ಪೂರ್ತಿ ಹೋಯಿತೇ? ಇಲ್ಲ. 8 ದಿನಕ್ಕೆ ಅರ್ಧ, 16ಕ್ಕೆ ಕಾಲು, 24ಕ್ಕೆ ಅರೆಕಾಲು. 80 ದಿನಕ್ಕೆ 1,024ರಲ್ಲಿ ಒಂದು ಪಾಲು ಉಳಿಯುತ್ತದೆ. ಸ್ಕ್ಯಾನಿಂಗಿಗೆ ಬಳಸುವ ಟೆಕ್ನೀಶಿಯಂ-99ಎಂಗೆ 6 ಗಂಟೆ, ಸೀಸಿಯಂ-137ಕ್ಕೆ ಸುಮಾರು 30 ವರ್ಷ, ಪ್ರಾಚ್ಯವಸ್ತುಗಳ ಕಾಲ ಅಳೆಯುವ ಕಾರ್ಬನ್-14ಕ್ಕೆ 5,730 ವರ್ಷ. ಔಷಧಗಳಿಗೂ ಅರ್ಧಾಯು ಉಂಟು, ಅದು ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು. ಪ್ಯಾರಾಸಿಟಮಾಲಿಗೆ ಆರೋಗ್ಯವಂತ ವಯಸ್ಕರಲ್ಲಿ 2ರಿಂದ 3 ಗಂಟೆ. ಐದು ಅರ್ಧಾಯು ಕಳೆದರೆ ನೂರಕ್ಕೆ ಮೂರು ಭಾಗ ಉಳಿದಿರುತ್ತದೆ. ಪಿತ್ತಜನಕಾಂಗವೋ ಮೂತ್ರಪಿಂಡವೋ ಕೆಟ್ಟವರಲ್ಲಿ ಹಲವು ಔಷಧಗಳ ಈ ಅವಧಿ ಉದ್ದವಾಗುತ್ತದೆ. ಅದಕ್ಕೇ ವೈದ್ಯರು ಅಂಥವರಿಗೆ ಡೋಸ್ ಕಡಿಮೆ ಮಾಡುವುದು, ಇಲ್ಲವೇ ಗಂಟೆಗಳ ಅಂತರ ಹೆಚ್ಚಿಸುವುದು.

ಔಷಧದ ‘ಶೆಲ್ಫ್ ಲೈಫ್’ ಬೇರೆ ಮಾತು. ಕಪಾಟಿನಲ್ಲಿ, ಸೀಲು ಒಡೆಯದೆ, ಡಬ್ಬಿಯ ಮೇಲೆ ಬರೆದ ಉಷ್ಣತೆಯಲ್ಲಿ ಇಟ್ಟರೆ ಎಷ್ಟು ದಿನ ಕೆಡದೆ ಇದ್ದೀತು ಎಂಬ ಲೆಕ್ಕ ಅದು. ಅವಧಿ ಮುಗಿಯುವ ದಿನಾಂಕದಲ್ಲಿ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಆದರೆ ಸೀಲು ಒಡೆದ ಕ್ಷಣದಿಂದ ಬೇರೆ ಗಡಿಯಾರ ಶುರುವಾಗುತ್ತದೆ, ಇದನ್ನು ಯಾವ ಆರೋಗ್ಯ ಪುರವಣಿಯೂ ಸಾಕಷ್ಟು ಹೇಳಿಲ್ಲ. ಕಣ್ಣಿನ ಹನಿಯ ಬಾಟಲಿ ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳು. ಮುಟ್ಟಿದ ಬೆರಳು, ರೆಪ್ಪೆಗೆ ತಾಗಿದ ತುದಿ, ಇವುಗಳಿಂದ ರೋಗಾಣು ಒಳಗೆ ಸೇರುವುದೇ ಕಾರಣ. ಮಕ್ಕಳ ಆ್ಯಂಟಿಬಯಾಟಿಕ್ ಪುಡಿಗೆ ಕುದಿಸಿ ಆರಿಸಿದ ನೀರು ಗೆರೆಯವರೆಗೆ ಬೆರೆಸಿದರೆ ಹೆಚ್ಚಿನವು ಒಂದು ವಾರದೊಳಗೆ ಮುಗಿಯಬೇಕು. ಕೆಲವನ್ನು ಫ್ರಿಜ್ಜಿನಲ್ಲೇ ಇಡಬೇಕು. ಲೇಬಲ್ ನೋಡದೆ ಮುಂದಿನ ಜ್ವರಕ್ಕೆ ಎತ್ತಿಡುವುದು ನಮ್ಮ ಮನೆಗಳ ದೊಡ್ಡ ತಪ್ಪು. ಕಲಸಿಟ್ಟ ಓಆರ್‌ಎಸ್ ನೀರು 24 ಗಂಟೆ ದಾಟಿದರೆ ಚೆಲ್ಲಿ. ಪೊಟ್ಟಣದ ಮೇಲೆ ಇನ್ನೂ ಎರಡು ವರ್ಷ ಇದೆಯಲ್ಲ ಎಂದರೆ, ಅದು ಪುಡಿಯ ಲೆಕ್ಕ. ಆಹಾರದ ಪೊಟ್ಟಣಗಳಲ್ಲೂ ಎರಡು ಬಗೆ ಇವೆ. ‘ಯೂಸ್ ಬೈ’ ಎಂಬುದು ಸುರಕ್ಷತೆಯ ಗಡುವು, ದಾಟಿದರೆ ತಿನ್ನಬಾರದು. ‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಹದ, ಪರಿಮಳದ ಮಾತು. ಎರಡನ್ನೂ ‘ಅವಧಿ ಮೀರಿದ ಆಹಾರ’ ಎಂದು ಒಂದೇ ಉಸಿರಿನಲ್ಲಿ ಬರೆಯುವುದರಿಂದ ಅಂಗಡಿಯವನಿಗೂ ಅನ್ಯಾಯ, ಗಿರಾಕಿಗೂ ಅನ್ಯಾಯ.

ಯಂತ್ರಗಳ ವಿಷಯಕ್ಕೆ ‘ಬಾಳಿಕೆ’ ಸಾಕು, ಬೇರೆ ಪದ ಬೇಕಿಲ್ಲ. ‘ಈ ಸೀರೆ ಬಾಳಿಕೆ ಬರುತ್ತದೆ’ ಎಂಬಲ್ಲಿನ ಅದೇ ಬಾಳಿಕೆ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ 25,000 ಗಂಟೆ ಎಂದಿರುತ್ತದೆ. ದಿನಕ್ಕೆ 6 ಗಂಟೆ ಉರಿಸಿದರೆ ಹನ್ನೊಂದು ವರ್ಷ ಚಿಲ್ಲರೆ. ಪತ್ರಿಕೆ ಹಾಗೆಯೇ ಗುಣಿಸಿ ಬರೆಯುತ್ತದೆ. ಆದರೆ ಆ 25,000 ಗಂಟೆ ಬಲ್ಬು ಸಾಯುವ ಹೊತ್ತಲ್ಲ, ಹೊಸದಾಗಿದ್ದಾಗಿನ ಬೆಳಕಿನ ನೂರಕ್ಕೆ 70ಕ್ಕೆ ಇಳಿಯುವ ಹೊತ್ತು. ಸಾಮಾನ್ಯವಾಗಿ ಅಷ್ಟು ಗಂಟೆ ಉರಿಸಿ ನೋಡಿರುವುದೂ ಇಲ್ಲ. ಎಲ್‌ಎಂ-80 ಎಂಬ ವಿಧಾನದಲ್ಲಿ ಕನಿಷ್ಠ 6,000 ಗಂಟೆ ಉರಿಸಿ ಅಳೆದು, ಟಿಎಂ-21 ಎಂಬ ಸೂತ್ರದಿಂದ ಮುಂದಿನದನ್ನು ಅಂದಾಜಿಸುತ್ತಾರೆ. ಅಳೆದ ಹೊತ್ತಿನ ಆರು ಪಟ್ಟಿಗಿಂತ ಹೆಚ್ಚು ಹೇಳುವಂತಿಲ್ಲ. ಅದೂ ಎಲ್‌ಇಡಿ ಚಿಪ್ಪಿನ ಪರೀಕ್ಷೆ. ಮನೆಯಲ್ಲಿ ಬಲ್ಬು ಎರಡೇ ವರ್ಷಕ್ಕೆ ಹೋಗುವುದು ಹೆಚ್ಚಾಗಿ ಚಿಪ್ಪಿನಿಂದಲ್ಲ, ಅದರ ಕತ್ತಿನಲ್ಲಿ ಕೂತು ಚಿಪ್ಪಿಗೆ ತಕ್ಕಂತೆ ವಿದ್ಯುತ್ತನ್ನು ಹದಮಾಡುವ ಡ್ರೈವರಿನಿಂದ. ಡ್ರೈವರಿನೊಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಿಸಿಗೆ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದರ ಬಾಳಿಕೆ ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಒರಟು ಲೆಕ್ಕ. ಗಾಳಿಯಾಡದ ಗಾಜಿನ ಗುಂಡಿನೊಳಗೆ, ಮುಚ್ಚಿದ ಫಾಲ್ಸ್ ಸೀಲಿಂಗಿನೊಳಗೆ ಹಾಕಿದ ಬಲ್ಬು ಬೇಗ ಹೋಗುವುದು ಅದಕ್ಕೇ. ಹಳೆಯ ತಂತಿ ಬಲ್ಬಿನ 1,000 ಗಂಟೆಗಾದರೋ ಅರ್ಥ ಬೇರೆಯೇ ಇತ್ತು: ಅಷ್ಟು ಹೊತ್ತಿಗೆ ಅರ್ಧದಷ್ಟು ಬಲ್ಬುಗಳು ಉರಿದುಹೋಗಿರುತ್ತವೆ ಎಂದು. ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ‘25 ಪಟ್ಟು’ ಎನ್ನುವ ಮೊದಲು ಇಷ್ಟು ನೆನಪಿರಲಿ.

ಪಂಪ್‌ಸೆಟ್ಟಿನ ಬೇರಿಂಗಿಗೆ ಇನ್ನೊಂದು ರೂಢಿ. ಅದರ ಬಾಳಿಕೆಯನ್ನು ಮೂಲತಃ ಹತ್ತು ಲಕ್ಷ ಸುತ್ತುಗಳ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಬೇರಿಂಗುಗಳಲ್ಲಿ ತೊಂಬತ್ತು ಇನ್ನೂ ಗಟ್ಟಿಯಾಗಿರುವ ಹಂತ ಅದು. ನಿಮಿಷಕ್ಕೆ 1,440 ಸುತ್ತಿನ ಮೋಟರಿಗೆ ಹತ್ತು ಲಕ್ಷ ಸುತ್ತು ಹನ್ನೊಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಬಾಲ್ ಬೇರಿಂಗಿನ ಮೇಲಿನ ಭಾರ ಎರಡು ಪಟ್ಟಾದರೆ ಬಾಳಿಕೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಬೆಲ್ಟನ್ನು ಅತಿಯಾಗಿ ಬಿಗಿದ ಮೋಟರಿನಲ್ಲಿ ಬೇರಿಂಗು ಮತ್ತೆ ಮತ್ತೆ ಹೋದರೆ ಕಂಪನಿಯನ್ನು ಬಯ್ದು ಪ್ರಯೋಜನವಿಲ್ಲ.

ಬ್ಯಾಟರಿಯಲ್ಲಿ ಲೈಫಿಗೆ ಎರಡು ಅರ್ಥ. ಮೊಬೈಲ್ ಜಾಹೀರಾತಿನಲ್ಲಿ ಅದು ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಹೊತ್ತು ಬರುತ್ತದೆ ಎಂದು. ವಿದ್ಯುತ್ ಸ್ಕೂಟರಿನಲ್ಲಿ ಎಷ್ಟು ವರ್ಷ ಅಥವಾ ಎಷ್ಟು ಸೈಕಲ್ ಎಂದು. ಸೈಕಲ್ ಎಂದರೆ ಪ್ಲಗ್ ಹಾಕಿದ ಎಣಿಕೆಯಲ್ಲ. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೆ ಎರಡೂ ಸೇರಿ ಒಂದು. ಮೂಲ ಸಾಮರ್ಥ್ಯದ ನೂರಕ್ಕೆ 80ಕ್ಕೆ ಇಳಿದಾಗ ಬಾಳಿಕೆ ಮುಗಿಯಿತು ಎಂದು ಎಣಿಸುವುದು ರೂಢಿ, ಕೆಲವು ವಾರಂಟಿಗಳಲ್ಲಿ 70. ಅಂದರೆ 100 ಕಿಲೋಮೀಟರ್ ಓಡುತ್ತಿದ್ದ ಗಾಡಿ 80 ಓಡುತ್ತದೆ, ನಿಂತುಹೋಗುವುದಿಲ್ಲ. ವಾರಂಟಿಯಲ್ಲಿ ಯಾವ ಶೇಕಡಾ ಬರೆದಿದೆ ಎಂಬುದನ್ನು ಸುದ್ದಿಯಲ್ಲಿ ಕೊಟ್ಟರೆ ವರ್ಷದ ಅಂಕಿಗಿಂತ ಉಪಕಾರ.

ಸಣ್ಣ ಪುಟ್ಟವನ್ನು ಬೇಗ ಮುಗಿಸುತ್ತೇವೆ. ಸಂಘಸಂಸ್ಥೆಗಳ ಪ್ರಕಟಣೆಗಳಲ್ಲಿ ‘ಅಜೀವ ಸದಸ್ಯರು’ ಎಂದು ಬರುತ್ತಲೇ ಇದೆ. ಆಜೀವ ಎಂದರೆ ಜೀವ ಇರುವವರೆಗೆ. ಅಜೀವ ಎಂದರೆ ಜೀವವಿಲ್ಲದ. ಒಂದು ದೀರ್ಘ ಬಿಟ್ಟರೆ ಚಂದಾ ಕಟ್ಟಿದವರು ಕಲ್ಲುಮಣ್ಣಾಗುತ್ತಾರೆ. ‘ಜೀವ ಗಾತ್ರದ ಪ್ರತಿಮೆ’ ಬೇಡ, ನಮ್ಮಲ್ಲಿ ‘ಆಳೆತ್ತರದ ಪ್ರತಿಮೆ’ ಇದೆ. ಕ್ಯಾಚು ಬಿಟ್ಟಾಗ ಆಟದ ಪುಟದವರು ಬರೆಯುವ ‘ಜೀವದಾನ’ ಮಾತ್ರ ಮೂಲಕ್ಕಿಂತ ಚೆನ್ನಾಗಿದೆ, ಹಾಗೇ ಇರಲಿ. ವಿಮೆಗೆ ‘ಜೀವ ವಿಮೆ’ ಸರಿ. ‘ಜೀವನ ವಿಮೆ’ ಹಿಂದಿಯಿಂದ ನುಸುಳಿದ್ದು, ಭಾರತೀಯ ಜೀವ ವಿಮಾ ನಿಗಮದ ಕನ್ನಡ ಹೆಸರಿನಲ್ಲೇ ‘ಜೀವ’ ಎಂದು ಸರಿಯಾಗಿದೆ. ಕನ್ನಡದಲ್ಲಿ ಜೀವನ ಎಂದರೆ ಹೊಟ್ಟೆಪಾಡೂ ಹೌದು. ‘ಜೀವನಕ್ಕೆ ಏನು ಮಾಡ್ಕೊಂಡಿದೀರಿ?’ ಎಂದು ಕೇಳುತ್ತೇವಲ್ಲ. ಹಾಗಾಗಿ ಸಂವಿಧಾನದ 21ನೇ ವಿಧಿಯ ಬಗ್ಗೆ ಬರೆಯುವಾಗ ಎಚ್ಚರ ಬೇಕು. ಅಲ್ಲಿನ ಮೂಲ ರಕ್ಷಣೆ ಜೀವಕ್ಕೆ. ಹೊಟ್ಟೆಪಾಡೂ ಅದರೊಳಗೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ, ಮುಂಬೈ ಪಾದಚಾರಿ ಮಾರ್ಗದ ವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ. ವಾಹನದ ‘ಜೀವಾವಧಿ ತೆರಿಗೆ’ ಕಟ್ಟಿದವರು ಆರ್‌ಸಿಯೂ ಜೀವಾವಧಿ ಎಂದುಕೊಳ್ಳುತ್ತಾರೆ. ಸ್ವಂತ ಬಳಕೆಯ ವಾಹನದ ನೋಂದಣಿ ನಡೆಯುವುದು 15 ವರ್ಷ. ಆಮೇಲೆ ಗಾಡಿ ತೋರಿಸಿ, ಸುಸ್ಥಿತಿ ಪರೀಕ್ಷೆ ಮಾಡಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಕೊನೆಯದಾಗಿ ಲೈಫ್ ಸರ್ಟಿಫಿಕೇಟ್. ಪಿಂಚಣಿದಾರರು ಬದುಕಿದ್ದಾರೆ ಎಂಬುದಕ್ಕೆ ವರ್ಷಕ್ಕೊಮ್ಮೆ ಕೊಡುವ ಪುರಾವೆ ಇದು; ‘ಜೀವಂತ ಪ್ರಮಾಣಪತ್ರ’ ಎಂಬ ಕನ್ನಡ ಸರಿಯಾಗಿದೆ, ‘ಜೀವನ ಪ್ರಮಾಣಪತ್ರ’ ಎಂದರೆ ಏನೂ ಅರ್ಥವಾಗದು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ನವೆಂಬರ್ ತಿಂಗಳು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಭವಿಷ್ಯನಿಧಿಯ 1995ರ ಯೋಜನೆಯ ಪಿಂಚಣಿದಾರರು ವರ್ಷದ ಯಾವ ದಿನವಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಪ್ರತಿ ಬಾರಿಯೂ ‘ನವೆಂಬರ್ 30 ಕೊನೆಯ ದಿನ’ ಎಂದು ಎಲ್ಲರಿಗೂ ಸೇರಿಸಿ ಅಚ್ಚಾಗುವುದರಿಂದ ಇವರೂ ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಾರೆ. 2014ರ ನವೆಂಬರಿನಲ್ಲಿ ಶುರುವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಪಿಂಚಣಿ ಬರುವ ಖಾತೆಯ ಸಂಖ್ಯೆ, ಮೊಬೈಲ್ ಇಷ್ಟು ಬೇಕು. ಮಣ್ಣು, ಸುಣ್ಣ, ಸಿಮೆಂಟಿನಲ್ಲಿ ದುಡಿದವರ ಮತ್ತು ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಅಂಥವರು ಕಣ್ಣಿನ ಪಾಪೆಯ ಇಲ್ಲವೇ ಮುಖದ ಗುರುತನ್ನು ಕೇಳಬೇಕು. ಮುಖದ ಗುರುತನ್ನು ಮನೆಯಲ್ಲೇ ಸ್ಮಾರ್ಟ್‌ಫೋನಿನಿಂದ ಕೊಡಬಹುದು. ಬೆಳಕು ಎದುರಿನಿಂದ ಬೀಳಬೇಕು, ಬೆನ್ನಿಗೆ ಕಿಟಕಿ ಇದ್ದರೆ ವಿಫಲವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕೊನೆಯ ಹೆಜ್ಜೆಯಲ್ಲಿ. ಮೊಬೈಲಿಗೆ ಪ್ರಮಾಣ್ ಐಡಿ ಬಂತು ಎಂದರೆ ಪತ್ರ ತಯಾರಾಯಿತು ಎಂದಷ್ಟೇ; ಪಿಂಚಣಿ ಕೊಡುವ ಕಚೇರಿ ಅದನ್ನು ಒಪ್ಪಿತು ಎಂದಲ್ಲ. ಪಿಪಿಒ ಅಥವಾ ಖಾತೆಯ ಒಂದು ಅಂಕಿ ತಪ್ಪಿದ್ದರೆ, ಪಿಂಚಣಿ ಕೊಡುವ ಕಚೇರಿಯ ಹೆಸರು ಬೇರೆ ಆಯ್ಕೆಯಾಗಿದ್ದರೆ ತಿರಸ್ಕೃತವಾಗುತ್ತದೆ, ಗೊತ್ತಾಗುವುದು ಪಿಂಚಣಿ ನಿಂತ ಮೇಲೆ. ಕೆಲವು ದಿನ ಬಿಟ್ಟು ಅದೇ ಜಾಲತಾಣದಲ್ಲಿ ಸ್ಥಿತಿ ನೋಡಿ, ತಿರಸ್ಕೃತ ಎಂದಿದ್ದರೆ ಸರಿಯಾದ ವಿವರದೊಂದಿಗೆ ಹೊಸದಾಗಿ ಕೊಡಬೇಕು. ನಿಂತ ಪಿಂಚಣಿ ಪತ್ರ ಸೇರಿದ ಮೇಲೆ ಬಾಕಿ ಸಮೇತ ಬರುತ್ತದೆ. ಈ ಸಲದ ಅಕ್ಟೋಬರ್ ಕೊನೆಯ ವಾರದಲ್ಲಿ ಇಷ್ಟನ್ನು ಒಂದು ಚೌಕದಲ್ಲಿ, ದೊಡ್ಡ ಅಕ್ಷರದಲ್ಲಿ, ಯಾರಿಗೆ ಯಾವ ತಿಂಗಳು ಎಂದು ಬೇರೆ ಬೇರೆಯಾಗಿ ಪ್ರಕಟಿಸಬೇಕೆಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಅನುವಾದದ ಕೆಲಸದಲ್ಲಿರುವ ಕೆಲವು ಓದುಗರು
ಬೆಂಗಳೂರು